ನಾಲ್ಕು ಗಂಟೆಯ ಬೆಂಕಿ ಕಾವಲು

ಉಪೇಂದ್ರ ಬೆಂಕಿ ಆರಿಸುವವನಾದದ್ದು ಬೆಂಕಿಯ ಮೇಲಿನ ಹಗೆಯಿಂದಲ್ಲ, ಜನಸೇವೆಯ ಹುಚ್ಚಿನಿಂದಲೂ ಅಲ್ಲ. ಅವನ ಮಗಳು ಮಾನ್ಯಾ ಬರುವ ಜನವರಿಗೆ ಒಂದನೆಯ ತರಗತಿಗೆ ಹೋಗಬೇಕಾಗಿತ್ತು.

ಸಿಂಗಪುರದ ಹೌಗಾಂಗ್‌ನಲ್ಲಿ ಅವನಿದ್ದ ಫ್ಲ್ಯಾಟುಗಳ ಬ್ಲಾಕಿನೆದುರು, ರಸ್ತೆ ದಾಟಿದರೆ ಒಂದು ಶಾಲೆ. ಅಲ್ಲಿ ಸೀಟು ಸಿಕ್ಕರೆ ಮಗು ಆರೂವರೆಗೆ ಎದ್ದರೂ ನಡೆಯುತ್ತದೆ. ಸಿಗದಿದ್ದರೆ ಎರಡು ಬಸ್ಸು ಬದಲಿಸಿ ಹೋಗುವ ಇನ್ನೊಂದು ಶಾಲೆ. ಮಗು ಐದಕ್ಕೆ ಏಳಬೇಕು, ಅದನ್ನು ಎಬ್ಬಿಸುವವರು ನಾಲ್ಕೂವರೆಗೆ ಏಳಬೇಕು. ಕಲ್ಲಾಂಗ್‌ನ ವಾಲ್ವ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಇಂಜಿನಿಯರ್ ಆಗಿದ್ದ ಉಪೇಂದ್ರ ಇದನ್ನು ಕ್ಯಾಲ್ಕುಲೇಟರಿನಲ್ಲಿ ಗುಣಿಸಿ ನೋಡಿದ್ದ. ದಿನಕ್ಕೆ ಎರಡು ಗಂಟೆ, ವರ್ಷಕ್ಕೆ ಇನ್ನೂರು ಶಾಲಾದಿನದಂತೆ ಆರು ವರ್ಷಕ್ಕೆ ಎರಡು ಸಾವಿರದ ನಾನೂರು ಗಂಟೆ ನಿದ್ದೆ. ಕೆಲವರಿಗೆ ಮಗಳ ಶಾಲೆ ಎಂದರೆ ಭವಿಷ್ಯ, ಕೆಲವರಿಗೆ ಪ್ರತಿಷ್ಠೆ. ಉಪೇಂದ್ರನಿಗೆ ಅದು ದಿಂಬು.

ಫ್ಯಾಕ್ಟರಿಯ ಗೋಪಿನಾಥ್ ಉಡುಪಿ ಕಡೆಯವನು. ಯಾವ ವಿಷಯವಾದರೂ ಅವನಿಗೆ ಒಂದು ದಾರಿ ಗೊತ್ತಿರುತ್ತಿತ್ತು.

“ನೀನು ಎಂತಾದ್ರೂ ವಾಲಂಟಿಯರ್ ಆಗು ಮಾರಾಯ. ನಿಮ್ಮ ಏರಿಯಾ ಕಮಿಟಿಯವರು ಒಂದು ಲೆಟರ್ ಕೊಡ್ತಾರೆ. ಲೆಟರ್ ಇದ್ರೆ ಸ್ಕೂಲಿನಲ್ಲಿ ಫಸ್ಟ್ ಚಾನ್ಸ್.”

“ಯಾರು ಹೇಳಿದ್ದು?”

“ಎಲ್ಲರೂ ಹೇಳ್ತಾರೆ.”

ಎಲ್ಲರೂ ಹೇಳುವ ಮಾತಿಗೆ ಆಧಾರ ಕೇಳಬೇಕಾದರೆ ಎರಡನೆಯ ಪ್ರಶ್ನೆ ಕೇಳಬೇಕು. ನೈಟ್ ಶಿಫ್ಟ್ ಮುಗಿಸಿದ ಮನುಷ್ಯನಲ್ಲಿ ಒಂದು ಪ್ರಶ್ನೆಗೆ ಸಾಕಾಗುವಷ್ಟೇ ಉಸಿರಿರುತ್ತದೆ.

ಬಡಾವಣೆಯ ಕಮಿಟಿಯ ಮುಖ್ಯಸ್ಥರು ಮಿಸ್ಟರ್ ಕೋ. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ನಿವೃತ್ತಿಯ ಮೇಲೆ ಲೆಕ್ಕ ತಪ್ಪುವ ಜನ ಕೈಗೆ ಸಿಗದೆ ಸೊರಗಿದ್ದರು. ಅವರ ಬಳಿ ಖಾಲಿಯಿದ್ದದ್ದು ಸ್ವಯಂಸೇವಕ ಅಗ್ನಿಶಾಮಕ ತಂಡದ ಒಂದು ಜಾಗ. ಸೇವೆಯ ಹೊತ್ತು ಬರೆಯುವ ಕಾರ್ಡಿನಲ್ಲಿ ಮೂವತ್ತೆರಡು ಗಂಟೆ ತುಂಬಿದರೆ ಲೆಟರ್.

“ಮೂವತ್ತೊಂದೂಮುಕ್ಕಾಲು ಅಂದರೆ ಮೂವತ್ತೆರಡಲ್ಲ, ಮಿಸ್ಟರ್ ಉಪೇಂದ್ರ,” ಎಂದು ಅವರು ಮೊದಲ ದಿನವೇ ಹೇಳಿದರು. ಉಪೇಂದ್ರ ಅದನ್ನು ಅಲ್ಲಗಳೆಯಲಿಲ್ಲ.

ಮುಂದಿನ ಐದು ತಿಂಗಳಲ್ಲಿ ಅವನು ಕಂಡ ಬೆಂಕಿ ಎಂದರೆ ತರಬೇತಿಯಲ್ಲಿ ಹಚ್ಚಿ ತೋರಿಸಿದ ಒಂದು ಬಾಣಲೆ ಎಣ್ಣೆ. ಉಳಿದ ಹೊತ್ತೆಲ್ಲ ಕರಪತ್ರ ಹಂಚಿದ, ಸಭೆಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ, ಸಭೆ ಮುಗಿದ ಮೇಲೆ ಕುರ್ಚಿ ಎತ್ತಿಟ್ಟ. ಒಂದು ಭಾನುವಾರ ಮಾತ್ರ ಫೈರ್ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಎಲ್ಲರನ್ನೂ ಕೆಂಪು ಲಾರಿಯ ಮೇಲೆ ಹತ್ತಿಸಿ, ತಲೆಗೆ ಹೆಲ್ಮೆಟ್ ಇಟ್ಟು ಫೋಟೋ ತೆಗೆದರು. ಅನಾಹುತವೆಲ್ಲ ಆ ಫೋಟೋದಿಂದ ಶುರುವಾಯಿತು. ಉಪೇಂದ್ರನ ಹೆಂಡತಿ ಜಲಜಾ ಅದಕ್ಕೆ ಚೌಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದಳು. ಬಂದವರು ಕೇಳುವುದು, ಜಲಜಾ “ನಮ್ಮೋರು ಫೈರ್‌ನಲ್ಲೂ ಇದಾರಲ್ಲ” ಎನ್ನುವುದು. ಆ “ಲೂ” ಎಂಬುದನ್ನು ಬಂದವರು ಅಲ್ಲೇ ಬಿಟ್ಟು, ಉಳಿದದ್ದನ್ನು ಮಾತ್ರ ಮನೆಗೆ ಒಯ್ಯುತ್ತಿದ್ದರು. ಫೋಟೋದಲ್ಲಿ ಅವನು ಕಣ್ಣು ಮುಚ್ಚಿಕೊಂಡಿದ್ದ. ಅದನ್ನು ಜನ ಗಾಂಭೀರ್ಯ ಎಂದುಕೊಂಡರು.

ಜುಲೈ ತಿಂಗಳಲ್ಲಿ ಅದೇ ಬ್ಲಾಕಿನ ಏಳನೆಯ ಮಹಡಿಯಲ್ಲಿ, ಉಪೇಂದ್ರನ ನಾಲ್ಕನೆಯ ಮಹಡಿಯ ಮನೆಗೆ ನೇರ ಮೇಲೆ, ಬ್ಯಾಂಕಿನ ಅನಂತರಾಮ್ ಮನೆ ಕೊಂಡರು. ಗೃಹಪ್ರವೇಶಕ್ಕೆಂದು ಅವರ ತಾಯಿ ಸತ್ಯವತಮ್ಮ ಮೈಸೂರಿನಿಂದ ಬಂದಿಳಿದರು. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚು ಸಮಿತ್ತು ಇತ್ತು.

“ಏನ್ ಉಪೇಂದ್ರ,” ಎಂದರು ಅನಂತರಾಮ್, ಅವನನ್ನು ಲಿಫ್ಟಿನ ಮುಂದೆ ಹಿಡಿದು ನಿಲ್ಲಿಸಿ. “ಅಮ್ಮ ಹೋಮ ಆಗ್ಲೇಬೇಕು ಅಂತಾರೆ. ಗಣಪತಿ, ನವಗ್ರಹ ಎರಡೂ. ಹೊಗೆ ಆಗುತ್ತೆ, ನೈಬರ್ಸ್ ಕಂಪ್ಲೇಂಟ್ ಮಾಡಿದ್ರೆ ಕಷ್ಟ. ನೀವು ಫೈರ್‌ನಲ್ಲಿದೀರಿ, ಸ್ವಲ್ಪ ಮ್ಯಾನೇಜ್ ಮಾಡ್ಬಿಡಿ.”

ತಾನು ಫೈರ್‌ನಲ್ಲಿಲ್ಲ, ಕುರ್ಚಿ ಹಾಕುವುದರಲ್ಲಿ ಇದ್ದೇನೆ ಎಂದು ಹೇಳಲು ಉಪೇಂದ್ರ ಬಾಯಿ ತೆರೆದ. ಬಾಯಿ ತೆರೆದದ್ದಕ್ಕೆ ಆಕಳಿಕೆ ಬಂತು. ಆಕಳಿಕೆ ಮುಗಿಯುವಷ್ಟರಲ್ಲಿ ಅನಂತರಾಮ್ ಥ್ಯಾಂಕ್ಸ್ ಹೇಳಿ ಲಿಫ್ಟ್ ಹತ್ತಿದ್ದರು.

ವಿಷಯ ಮಿಸ್ಟರ್ ಕೋ ಬಳಿಗೆ ಹೋಯಿತು. ಅವರು ಕಾರ್ಡ್ ತೆಗೆದು ನೋಡಿದರು. ಇಪ್ಪತ್ತೆಂಟು ಗಂಟೆ. ಶಾಲೆಯ ನೋಂದಣಿ ಸೋಮವಾರ. ಗೃಹಪ್ರವೇಶ ಅದರ ಹಿಂದಿನ ಭಾನುವಾರ.

“ಈ ಪ್ರೇಯರ್ ಎಷ್ಟು ಹೊತ್ತು?”

“ಆರರಿಂದ ಹತ್ತು, ಸರ್.”

“ಕ್ಯಾನ್, ಆಗುತ್ತದೆ,” ಎಂದರು ಮಿಸ್ಟರ್ ಕೋ. “ಫೈರ್ ವಾಚ್ ಅಂತ ಬರೆಯೋಣ. ನಾಲ್ಕು ಗಂಟೆ. ನೀನು ಜ್ಯಾಕೆಟ್ ಹಾಕಿಕೊಂಡು ಕೆಳಗೆ ವಾಯ್ಡ್ ಡೆಕ್‌ನಲ್ಲಿ ಕೂರು, ಕೇಳಿದವರಿಗೆ ಹೇಳು. ನೋಟಿಸ್ ಹಾಕು. ನಾಲ್ಕು ಭಾಷೆಯಲ್ಲಿ.”

ಏಳನೆಯ ಮಹಡಿಯ ಬೆಂಕಿಯನ್ನು ನೆಲಮಹಡಿಯಲ್ಲಿ ಕೂತು ಕಾಯುವುದು ಹೇಗೆಂದು ಉಪೇಂದ್ರ ಕೇಳಲಿಲ್ಲ. ವಾಯ್ಡ್ ಡೆಕ್ ಎಂಬ ಆ ಮನೆಗಳಿಲ್ಲದ, ಗಾಳಿಯಾಡುವ ತೆರೆದ ನೆಲಮಹಡಿಯಲ್ಲಿ ಕೂರಬಹುದು ಎಂಬ ಮಾತು ಅವನಿಗೆ ಬಹಳ ಹಿಡಿಸಿತ್ತು.

ಎರಡೂ ಲಿಫ್ಟುಗಳಲ್ಲಿ ನೋಟಿಸ್ ಬಿತ್ತು: ಭಾನುವಾರ ಬೆಳಗ್ಗೆ ಏಳನೆಯ ಮಹಡಿಯಲ್ಲಿ ಹೊಗೆ ಬರುತ್ತದೆ. ಅದು ಪೂಜೆಯ ಹೊಗೆ. ಯಾರೂ ಗಾಬರಿಯಾಗಬೇಡಿ, ಫೋನ್ ಮಾಡಬೇಡಿ. ಕೆಳಗೆ ಉಪೇಂದ್ರನ ಹೆಸರು, ಹೆಸರಿನ ಕೆಳಗೆ “ಫೈರ್” ಎಂಬ ಒಂದೇ ಪದ. ಸ್ವಯಂಸೇವಕ ಎಂದು ಬರೆಯಲು ಕಾಗದದಲ್ಲಿ ಜಾಗವಿರಲಿಲ್ಲ ಎಂದು ನೋಟಿಸ್ ಬರೆದ ಜಲಜಾ ಆಮೇಲೆ ಹೇಳಿದಳು.

ಆ ಭಾನುವಾರ ಉಪೇಂದ್ರ ನೈಟ್ ಶಿಫ್ಟ್ ಮುಗಿಸಿ ನೇರವಾಗಿ ಕಾವಲಿಗೆ ಬಂದು ಕೂತ. ಕುರ್ಚಿಯನ್ನು ಬಿಸಿಲು ಬೀಳದ ಗೋಡೆಯ ಪಕ್ಕ ಹಾಕಿಕೊಂಡ. ಆ ಗೋಡೆಯ ಹಿಂದೆ ಕಸದ ಕೋಣೆ. ಈ ಬ್ಲಾಕುಗಳಲ್ಲಿ ಪ್ರತಿ ಅಡುಗೆಮನೆಯ ಗೋಡೆಗೂ ಒಂದು ಪುಟ್ಟ ಕಬ್ಬಿಣದ ಬಾಗಿಲು. ಅದರೊಳಗೆ ಹಾಕಿದ ಕಸ ಗೋಡೆಯೊಳಗಿನ ಕೊಳವೆಯಲ್ಲಿ ಇಳಿದು ಕೆಳಗಿನ ಕೋಣೆಯ ದೊಡ್ಡ ತೊಟ್ಟಿಗೆ ಬೀಳುತ್ತದೆ. ಅಲ್ಲಿ ವಾಸನೆ ಇತ್ತು. ನಿದ್ದೆಗೆ ವಾಸನೆ ಅಡ್ಡಿಯಲ್ಲ.

ಒಂಬತ್ತು ಗಂಟೆಯವರೆಗೆ ಎಲ್ಲವೂ ಸುಸೂತ್ರ. ಮೇಲಿನಿಂದ ತುಪ್ಪದ ಹೊಗೆ ಬಂತು, ಮಂತ್ರ ಬಂತು. ಜನ ತಲೆಯೆತ್ತಿ ನೋಡಿ, ನೋಟಿಸ್ ನೆನಪು ಮಾಡಿಕೊಂಡು, ಉಪೇಂದ್ರನಿಗೆ ತಲೆಯಾಡಿಸಿ, ಮಾರ್ಕೆಟ್ಟಿಗೆ ಹೋದರು. ಆಗ ಜಲಜಾ ಓಡಿ ಬಂದಳು.

“ರೀ, ಏಳ್ರಿ. ಮೇಲೆ ಕರೀತಿದಾರೆ. ಹೋಮಕುಂಡ ತೆಗೀಬೇಕಂತೆ, ಎಲೆ ಹಾಕೋಕೆ ಜಾಗ ಇಲ್ಲ. ಫೈರ್‌ನೋರು ಇರೋವಾಗ ನಾವ್ಯಾಕೆ ಮುಟ್ಟೋದು ಅಂತಾರೆ.”

ಆ ಹಳೆಯ ಬ್ಲಾಕಿನಲ್ಲಿ, ನೆಲಮಹಡಿ ಬಿಟ್ಟರೆ, ಲಿಫ್ಟ್ ನಿಲ್ಲುತ್ತಿದ್ದುದು ಐದು ಮತ್ತು ಒಂಬತ್ತನೆಯ ಮಹಡಿಗಳಲ್ಲಿ ಮಾತ್ರ. ಏಳನೆಯದಕ್ಕೆ ಹೋಗುವವರು ಎರಡು ಮಹಡಿ ಹತ್ತಬೇಕು, ಇಲ್ಲವೆ ಎರಡು ಮಹಡಿ ಇಳಿಯಬೇಕು. ಯಾವುದು ಸುಲಭವೆಂದು ಯೋಚಿಸುತ್ತ ಉಪೇಂದ್ರ ಐದರಲ್ಲಿ ಇಳಿಯದೆ ಒಂಬತ್ತಕ್ಕೆ ಹೋಗಿ, ಅಲ್ಲಿ ಇಳಿಯುವುದನ್ನೂ ಮರೆತು, ಮತ್ತೆ ಐದಕ್ಕೆ ಬಂದು, ಕೊನೆಗೆ ಹತ್ತಿದ.

ಹಾಲ್ ತುಂಬ ಜನ. ನಡುವೆ ಇಟ್ಟಿಗೆಯ ಕುಂಡ, ಅದರಲ್ಲಿ ಬೂದಿಯ ಗುಡ್ಡೆ. ಪಕ್ಕದಲ್ಲಿ ದತ್ತಾತ್ರೇಯ ಕೂತಿದ್ದರು. ವಾರದಲ್ಲಿ ಐದೂವರೆ ದಿನ ಅವರು ಹಡಗು ಕಂಪನಿಯ ಗುಮಾಸ್ತ, ಉಳಿದ ಒಂದೂವರೆ ದಿನ ಸಿಂಗಪುರದ ಕನ್ನಡಿಗರಿಗೆ ಪುರೋಹಿತ.

ಉಪೇಂದ್ರನಿಗೆ ತರಬೇತಿಯ ಒಂದು ಪಾಠ ನೆನಪಿತ್ತು. “ಇದಕ್ಕೆ ಒಂದು ಬಕೆಟ್ ನೀರು ಹಾಕ್ಬೇಕು.”

ಸತ್ಯವತಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು. “ಅಗ್ನಿಗೆ ನೀರಾ? ಗೃಹಪ್ರವೇಶದ ದಿವಸ? ನಿಮ್ಮನೇಲಿ ಹೀಗೇನಪ್ಪಾ ಮಾಡೋದು?”

“ಅಮ್ಮ, ಒಳಗೆ ಕೆಂಡ ಇರುತ್ತೆ.”

“ಇರ್ಲಿ. ಅದು ತಾನಾಗೇ ಶಾಂತ ಆಗ್ಬೇಕು. ನಾವು ಆರಿಸಬಾರದು.”

ಹಾಲ್‌ನಲ್ಲಿದ್ದ ನಲವತ್ತು ಜನ ಒಮ್ಮೆ ಸತ್ಯವತಮ್ಮನನ್ನು, ಒಮ್ಮೆ ಒಲೆಯ ಮೇಲಿನ ಬಿಸಿಬೇಳೆಬಾತನ್ನು ನೋಡಿದರು. ದತ್ತಾತ್ರೇಯ ಗಂಟಲು ಸರಿಮಾಡಿಕೊಂಡರು. ಹಡಗಿನ ಕಾಗದಪತ್ರಗಳಲ್ಲಿ ಎಲ್ಲಕ್ಕೂ ಒಂದು ವಿನಾಯಿತಿ ಹುಡುಕುವುದು ಅವರ ವೃತ್ತಿ.

“ಮೊಸರು ಹಾಕ್ಬಹುದು. ಅಗ್ನಿವಿಸರ್ಜನೆಗೆ ಮೊಸರು ಚಿಮುಕಿಸೋ ಪದ್ಧತಿ ಇದೆ.”

“ಎಷ್ಟು?” ಎಂದ ಉಪೇಂದ್ರ.

“ಒಂದು ಚಮಚ.”

ಒಂದು ಚಮಚ ಮೊಸರನ್ನು ಶಾಸ್ತ್ರೋಕ್ತವಾಗಿ ಚಿಮುಕಿಸಲಾಯಿತು. ಬೂದಿ ಚುಂಯ್ ಎಂದಿತು. ಉಪೇಂದ್ರ ಅಂಗೈಯನ್ನು ಬೂದಿಯ ಮೇಲೆ ಹಿಡಿದು ಕಣ್ಣು ಮುಚ್ಚಿದ. ನೆರೆದವರು ಅದನ್ನು ಪರೀಕ್ಷೆ ಎಂದುಕೊಂಡರು. ನಿಜವಾಗಿ ಅವನು ಎರಡು ಸೆಕೆಂಡು ನಿದ್ದೆ ಹೋಗಿದ್ದ. ಕಣ್ಣು ತೆರೆದು “ಆಯ್ತು” ಎಂದ. ಬೂದಿಯನ್ನು ಬಟ್ಟೆಯ ಅಕ್ಕಿ ಚೀಲಕ್ಕೆ ತುಂಬಿ ಸತ್ಯವತಮ್ಮ ತಾವೇ ಅವನ ಕೈಗಿಟ್ಟರು.

“ಹರಿಯೋ ನೀರಿಗೆ ಬಿಡ್ಬೇಕು. ಇಲ್ಲಿ ಹೊಳೆ ಎಲ್ಲಿದೆ ಪಾಪ. ಯಾವ್ದಾದ್ರೂ ಮರದ ಬುಡಕ್ಕೆ ಹಾಕ್ಬಿಡು ಕಣಪ್ಪಾ. ಕಾಲಿಗೆ ಸಿಗದ ಹಾಗೆ.”

ಉಪೇಂದ್ರ ಮೆಟ್ಟಿಲಿಳಿಯತೊಡಗಿದ. ನಾಲ್ಕನೆಯ ಮಹಡಿಯಲ್ಲಿ ಅವನದೇ ಮನೆಯ ಬಾಗಿಲು ಬಂತು. ಒಂದು ಲೋಟ ನೀರು ಕುಡಿಯಲು ಒಳಗೆ ಹೋದ. ನೀರು ಕುಡಿಯುತ್ತ ನೋಡಿದರೆ ಅಡುಗೆಮನೆಯ ಗೋಡೆಯಲ್ಲಿ ಕಸದ ಬಾಗಿಲು. ಮರದ ಬುಡ ಇನ್ನೂ ನಾಲ್ಕು ಮಹಡಿ ಕೆಳಗೆ, ಅಲ್ಲಿಂದ ಪಾರ್ಕಿಂಗ್ ದಾಟಿ. ಕಸದ ಬಾಗಿಲು ಎರಡು ಹೆಜ್ಜೆ. ಮನುಷ್ಯ ಧರ್ಮಭ್ರಷ್ಟನಾಗುವುದು ದೊಡ್ಡ ದೊಡ್ಡ ಆಮಿಷಗಳಿಂದ ಎಂದು ಹಿರಿಯರು ಹೇಳುತ್ತಾರೆ. ಎರಡು ಹೆಜ್ಜೆ ಸಾಕು.

ಚೀಲ ಕೊಳವೆಯೊಳಗೆ ಜಾರಿ, ಕೆಳಗೆ ಮೆತ್ತಗಿನ ಸದ್ದು ಮಾಡಿತು. ಉಪೇಂದ್ರ ವಾಯ್ಡ್ ಡೆಕ್‌ಗೆ ಮರಳಿ, ಕುರ್ಚಿಯಲ್ಲಿ ಕೂತು, ಗಡಿಯಾರ ನೋಡಿದ. ಒಂಬತ್ತು ಇಪ್ಪತ್ತು. ಇನ್ನು ನಲವತ್ತು ನಿಮಿಷ ಕಳೆದರೆ ಮಗಳಿಗೆ ಸೀಟು.

ಒಂಬತ್ತು ಮೂವತ್ತೈದಕ್ಕೆ ಎರಡನೆಯ ಮಹಡಿಯ ಲಿಮ್ ಆಂಟಿ ಬಂದರು. “ಮಿಸ್ಟರ್ ಫೈರ್, ನನ್ನ ಕಿಚನ್‌ನಲ್ಲಿ ಹೊಗೆ.”

“ಪ್ರೇಯರ್ ಸ್ಮೋಕ್, ಆಂಟಿ. ಏಳನೇ ಮಹಡಿ. ನೋಟಿಸ್ ಇದೆ.”

“ಏಳು ಮೇಲಿದೆ. ನಾನು ಎರಡು. ಹೊಗೆ ಕೆಳಗೆ ಬರುತ್ತದಾ?”

ಒಬ್ಬ ಇಂಜಿನಿಯರನಿಗೆ ಈ ಪ್ರಶ್ನೆ ಕೇಳಬಾರದು. ಗೊತ್ತಿಲ್ಲ ಎನ್ನುವುದನ್ನು ಯಾವ ಕಾಲೇಜೂ ಅವನಿಗೆ ಕಲಿಸಿರುವುದಿಲ್ಲ. ಉಪೇಂದ್ರ ಪ್ರೆಷರ್ ಡಿಫರೆನ್ಸ್ ಎಂಬ ವಿಷಯವನ್ನು ಐದು ನಿಮಿಷ ವಿವರಿಸಿದ. ಲಿಮ್ ಆಂಟಿ ಹೋಗಿ ಮೂರನೆಯ ಮಹಡಿಯವರಿಗೆ ಅದನ್ನು ವಿವರಿಸಿದರು. ಮೇಲೆ ಏಳನೆಯ ಮಹಡಿಯಲ್ಲೂ ಕಸದ ಬಾಗಿಲಿನ ಸಂದಿನಿಂದ ಹೊಗೆ ನುಸುಳಿತು. ಹೋಮ ಮುಗಿದ ಮೇಲೂ ಮನೆಯಲ್ಲಿ ಹೊಗೆಯಾಡಿದ್ದನ್ನು ಕಂಡ ಸತ್ಯವತಮ್ಮ, “ಅಗ್ನಿ ಪ್ರಸನ್ನನಾಗಿದಾನೆ” ಎಂದು ಕೈಮುಗಿದರು. ನಲವತ್ತು ಜನ ಕೈಮುಗಿದು ಕೆಮ್ಮಿದರು.

ಹೀಗೆ ಇಡೀ ಬ್ಲಾಕು ಶಿಸ್ತಿನಿಂದ ಕೆಮ್ಮುತ್ತಿದ್ದಾಗ ಫೋನ್ ಮಾಡಿದವರು ಎದುರಿನ ಬ್ಲಾಕಿನ ಯಾರೋ. ಅವರ ಲಿಫ್ಟಿನಲ್ಲಿ ನೋಟಿಸ್ ಇರಲಿಲ್ಲ.

ಸೈರನ್ ಕೇಳಿ ಉಪೇಂದ್ರ ಎಚ್ಚೆತ್ತ. ಕೆಂಪು ಲಾರಿ ತಿರುವಿನಲ್ಲಿ ಬರುತ್ತಿತ್ತು. ಗಡಿಯಾರ ಒಂಬತ್ತು ಐವತ್ತೆರಡು. ಇನ್ನು ಎಂಟು ನಿಮಿಷವಿರುವಾಗ ಫೈರ್ ಲಾರಿ ಬಂದರೆ ಮಿಸ್ಟರ್ ಕೋ ಏನೆಂದಾರು? ಉಪೇಂದ್ರ ಜ್ಯಾಕೆಟ್ಟಿನ ಗುಂಡಿ ಹಾಕಿಕೊಂಡು ರಸ್ತೆಗೆ ಓಡಿ, ಎರಡೂ ತೋಳು ಚಾಚಿ ನಿಂತ. ಲಾರಿ ನಿಂತಿತು. ಚಿಕ್ಕ ವಯಸ್ಸಿನ ಆಫೀಸರನೊಬ್ಬ ಇಳಿದ.

“ಫಾಲ್ಸ್ ಅಲಾರ್ಮ್, ಸರ್,” ಎಂದ ಉಪೇಂದ್ರ ಸಲ್ಯೂಟ್ ಹೊಡೆದು. “ನಾನು ಫೈರ್ ವಾಚ್. ಇಲ್ಲಿ ಪ್ರೇಯರ್ ನಡೀತಿದೆ. ಬರೀ ಹೊಗೆ. ಬೆಂಕಿ ಇಲ್ಲ. ಎಲ್ಲ ನನ್ನ ಕಂಟ್ರೋಲ್‌ನಲ್ಲಿದೆ.”

“ಪ್ರೇಯರ್ ಎಲ್ಲಿ?”

“ಏಳನೇ ಮಹಡಿ.”

“ನೀವು ಕಾವಲಿದ್ದದ್ದು ಎಲ್ಲಿ?”

ಉಪೇಂದ್ರ ತಿರುಗದೆಯೇ ಬೆನ್ನ ಹಿಂದಕ್ಕೆ ಕೈ ತೋರಿಸಿದ. “ಆ ಕುರ್ಚಿಯಲ್ಲಿ.”

“ಯಾವ ಕುರ್ಚಿ?” ಎಂದ ಆಫೀಸರ್.

ಉಪೇಂದ್ರ ತಿರುಗಿ ನೋಡಿದ. ಕಸದ ಕೋಣೆಯ ಬಾಗಿಲಿನ ಜಾಲರಿಯಿಂದ ಹೊರಬಂದ ಕಪ್ಪು ಹೊಗೆಯಲ್ಲಿ ಕುರ್ಚಿ ಕಾಣಿಸುತ್ತಿರಲಿಲ್ಲ.

ಮುಂದಿನದು ಎಂಟೇ ನಿಮಿಷದ ಕೆಲಸ. ಆರು ಜನ ಇಳಿದರು, ಪೈಪ್ ಎಳೆದರು, ಬಾಗಿಲು ತೆಗೆದರು, ನೀರು ಬಿಟ್ಟರು. ಉಪೇಂದ್ರನಿಗೆ ಒಬ್ಬ ಹೇಳಿದ್ದು ಒಂದೇ ಮಾತು: “ಅಂಕಲ್, ಪೈಪ್ ಮೇಲೆ ನಿಂತಿದೀರಿ.” ಅಷ್ಟರಲ್ಲಿ ಇಡೀ ಬ್ಲಾಕು ಕೆಳಗಿಳಿದಿತ್ತು. ರೇಷ್ಮೆ ಸೀರೆ, ಪಂಚೆ, ಲುಂಗಿ, ಪೈಜಾಮ ಎಲ್ಲವೂ ಇದ್ದವು. ಮಿಸ್ಟರ್ ಕೋ ಕಾರ್ಡ್ ಹಿಡಿದು ನಿಂತಿದ್ದರು.

ಆಫೀಸರ್ ಒಂದು ಕೋಲಿನ ತುದಿಯಲ್ಲಿ ಅರ್ಧ ಸುಟ್ಟ ಬಟ್ಟೆ ಚೀಲವನ್ನು ಎತ್ತಿ ತಂದ. ಮೂಸಿ ನೋಡಿದ. ಮತ್ತೆ ಮೂಸಿದ. “ಬೆಂಕಿ ಹತ್ತಿದ್ದು ಇದರಿಂದ. ಇದು ಯಾರದು?”

ಮಿಸ್ಟರ್ ಕೋ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು. ಉಪೇಂದ್ರನ ಕಣ್ಣ ಮುಂದೆ ಎರಡು ಸಾವಿರದ ನಾನೂರು ಗಂಟೆ ನಿದ್ದೆ ಒಂದೊಂದಾಗಿ ಹಾದುಹೋಯಿತು. ಸುಮ್ಮನಿದ್ದರೆ ಸಾಕು. ಹದಿನಾರು ಮನೆಗಳ ಕೊಳವೆ, ಯಾರ ಕಸವೆಂದು ಯಾರು ಹೇಳಬಲ್ಲರು?

ಸತ್ಯವತಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದರು.

“ಅಯ್ಯೋ, ಇದು ನಮ್ಮ ಅಕ್ಕಿ ಚೀಲ. ನಾನೇ ಉಪೇಂದ್ರನ ಕೈಲಿ ಕೊಟ್ಟೆನಲ್ಲ. ಪಾಪ, ಎಷ್ಟು ಜೋಪಾನದ ಹುಡುಗ, ಕೈ ಹಿಡಿದು ಕೆಂಡ ಇದೆಯಾ ಅಂತ ನೋಡ್ದ. ಮರದ ಬುಡದಲ್ಲಿರಬೇಕಾಗಿದ್ದು ಇಲ್ಲಿಗೆ ಯಾರು ತಂದ್ರು?”

ಆಫೀಸರ್ ಉಪೇಂದ್ರನ ಕಡೆ ತಿರುಗಿದ. ಜ್ಯಾಕೆಟ್ ಹಾಕಿದ ಭಾರತೀಯ ಅವನೊಬ್ಬನೇ. “ಆಂಟಿ ಏನು ಹೇಳುತ್ತಿದ್ದಾರೆ? ಟ್ರಾನ್ಸ್‌ಲೇಟ್ ಮಾಡಿ.”

ಅನಂತರಾಮ್ ನೆಲ ನೋಡಿದರು. ದತ್ತಾತ್ರೇಯ ಜನಿವಾರ ಸರಿಮಾಡಿಕೊಂಡರು. ಜಲಜಾ ಗಂಡನನ್ನೇ ನೋಡುತ್ತ ತಲೆಯನ್ನು ಕೂದಲೆಳೆಯಷ್ಟು ಅಡ್ಡ ಆಡಿಸಿದಳು. ಉಪೇಂದ್ರನಿಗೆ ಸುಳ್ಳೊಂದು ಹೊಳೆಯಲಿಲ್ಲವೆಂದಲ್ಲ. ಆದರೆ ಸುಳ್ಳು ಹೇಳಿದವನು ಆಮೇಲೂ ಎಚ್ಚರವಾಗಿರಬೇಕಾಗುತ್ತದೆ.

“ಚೀಲ ಇವರದ್ದು,” ಎಂದ. “ನನ್ನ ಕೈಗೆ ಕೊಟ್ಟರಂತೆ.”

“ಆಮೇಲೆ?”

“ನಾನು ಬಹಳ ಜೋಪಾನದ ಹುಡುಗನಂತೆ.”

ಆಫೀಸರ್ ಚೀಲವನ್ನು ನೆಲಕ್ಕಿಟ್ಟು ತನ್ನ ಪುಸ್ತಕ ತೆರೆದ. “ಇದನ್ನು ಇಲ್ಲಿ ಹಾಕಿದ್ದು ಯಾರು?”

“ನಾನೇ ಸರ್. ನನ್ನ ಕಿಚನ್‌ನಿಂದ.”

“ನೀರು ಹಾಕಿ ಆರಿಸಿದ್ದಿರಾ?”

“ಇಲ್ಲ ಸರ್. ಮೊಸರು.”

“ಎಷ್ಟು?”

“ಒಂದು ಚಮಚ.”

ಆಫೀಸರ್ ತನ್ನ ಪುಸ್ತಕದಲ್ಲಿ ಬರೆಯತೊಡಗಿದವನು ಪೆನ್ನು ಎತ್ತಿ ಹಿಡಿದು, ಸೀನಿಯರ್ ಒಬ್ಬರ ಹತ್ತಿರ ಹೋಗಿ ಏನೋ ಕೇಳಿ ಬಂದ. ಆ ಪುಸ್ತಕದಲ್ಲಿ ಮೊಸರಿಗೆ ಅಂಕಣವಿರಲಿಲ್ಲವೆಂದು ತೋರುತ್ತದೆ. ಎಲ್ಲರೆದುರು ಕಾಲು ಗಂಟೆ ಬುದ್ಧಿ ಹೇಳಿ, ಲಾರಿ ಹತ್ತಿ ಹೋದ.

ಮಿಸ್ಟರ್ ಕೋ ಹತ್ತಿರ ಬಂದರು. “ಫೈರ್ ವಾಚ್ ಅಂದರೆ ಬೆಂಕಿ ಬೀಳದ ಹಾಗೆ ನೋಡುವುದು. ಬೆಂಕಿ ಹಾಕುವುದು ಬೇರೆ ಕೆಲಸ. ನಾಲ್ಕು ಗಂಟೆ ಕ್ಯಾನ್ಸಲ್.”

“ಸರಿ ಸರ್,” ಎಂದ ಉಪೇಂದ್ರ. ಅವನಿಗೆ ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು. ನಾಳೆಯಿಂದ ನಾಲ್ಕೂವರೆಗೆ ಏಳುವ ಅಭ್ಯಾಸ ಶುರುಮಾಡಬೇಕು.

ಮಿಸ್ಟರ್ ಕೋ ಕದಲಲಿಲ್ಲ. ಮೂವತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ತಪ್ಪನ್ನು ತಾನೇ ಒಪ್ಪಿಕೊಂಡವರು ಅವರಿಗೆ ಹೆಚ್ಚು ಸಿಕ್ಕಿರಲಿಲ್ಲವೇನೋ. “ಕಸದ ಕೋಣೆ ತೊಳೆಯಬೇಕು. ತೊಳೆಯುವವನು ನಾಳೆ ಬರುತ್ತಾನೆ. ಇವತ್ತು ಯಾರಾದರೂ ಸ್ವಯಂಸೇವಕರು ತೊಳೆದರೆ ಅದು ಸಮಾಜಸೇವೆ. ಗಂಟೆಗೆ ಗಂಟೆ ಸಿಗುತ್ತದೆ.”

ಉಪೇಂದ್ರ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿದ.

ಅವನು ಬೂದಿ, ಮೀನಿನ ಮುಳ್ಳು, ಕರಗಿದ ಪ್ಲಾಸ್ಟಿಕ್ಕುಗಳನ್ನು ಎತ್ತಿ ಹಾಕುತ್ತಿದ್ದಾಗ ಗೃಹಪ್ರವೇಶದ ಊಟ ಮುಗಿಸಿದ ಜನ ಒಬ್ಬೊಬ್ಬರಾಗಿ ಕೆಳಗಿಳಿದು, ಮೂಗಿಗೆ ವಸ್ತ್ರ ಹಿಡಿದು ನಿಂತು ಮಾತಾಡಿಸಿ ಹೋದರು. “ಏನ್ ಉಪೇಂದ್ರ ಅವರೇ, ಭಾನುವಾರನೂ ಡ್ಯೂಟಿನಾ?” ಎಂದರು ಒಬ್ಬರು. “ಫೈರ್‌ನೋರ ಲೈಫೇ ಹಾಗೆ,” ಎಂದರು ಇನ್ನೊಬ್ಬರು. ಅನಂತರಾಮ್ ಡಬ್ಬಿಯಲ್ಲಿ ಒಬ್ಬಟ್ಟು ತಂದು, ಇಡಲು ಜಾಗ ಕಾಣದೆ ಮಿಸ್ಟರ್ ಕೋ ಕೈಗೆ ಕೊಟ್ಟರು. ಮಿಸ್ಟರ್ ಕೋ ಇನ್ನೊಂದು ಕುರ್ಚಿ ತರಿಸಿಕೊಂಡು ಕೂತು, ಗಡಿಯಾರ ನೋಡುತ್ತ ತಿಂದರು.

“ಮುಗೀತು ಸರ್,” ಎಂದ ಉಪೇಂದ್ರ, ಗೋಡೆಗೆ ಒರಗಿ.

“ಮೂರು ಗಂಟೆ ಐವತ್ತು ನಿಮಿಷ,” ಎಂದರು ಮಿಸ್ಟರ್ ಕೋ. “ಇನ್ನೊಮ್ಮೆ ತೊಳೆ.”

ಸೋಮವಾರ ಬೆಳಗ್ಗೆ ಉಪೇಂದ್ರ, ಜಲಜಾ, ಮಾನ್ಯಾ ಮೂವರೂ ಶಾಲೆಯ ಆಫೀಸಿನಲ್ಲಿ ಕೂತಿದ್ದರು. ಮೇಜಿನಾಚೆಯ ಮೇಡಂ ಅರ್ಜಿ ನೋಡಿ, ವಿಳಾಸ ನೋಡಿ, ಠಪ್ಪೆಂದು ಮುದ್ರೆ ಒತ್ತಿದರು. ಉಪೇಂದ್ರ ಎರಡೂ ಕೈಯಲ್ಲಿ ಲೆಟರ್ ಚಾಚಿದ.

“ಇದು ಬೇಕಾಗಿಲ್ಲ,” ಎಂದರು ಮೇಡಂ. “ನೀವು ಎದುರಿಗೇ ಇದ್ದೀರಿ. ಈ ವರ್ಷ ಮಕ್ಕಳೂ ಕಡಿಮೆ. ಬಂದವರಿಗೆಲ್ಲ ಸೀಟಿದೆ.”

ಜಲಜಾ ಗಂಡನ ಕಡೆ ನೋಡಲಿಲ್ಲ. ಇಪ್ಪತ್ತು ಸಲ ಸೋಪು ಹಚ್ಚಿದರೂ ಅವನಿಂದ ಇನ್ನೂ ಸುಟ್ಟ ಮೀನಿನ ವಾಸನೆ ಬರುತ್ತಿತ್ತು. ಮೇಡಂ ಸುಮ್ಮನೆ ಲೆಟರ್ ಬಿಡಿಸಿ ಓದಿದರು. ಅವರ ಮುಖ ಅರಳಿತು.

“ನೀವು ಫೈರ್ ವಾಲಂಟಿಯರಾ?”

ಉಪೇಂದ್ರ ಅಲ್ಲವೆನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮಾನ್ಯಾ ಕುರ್ಚಿಯ ಮೇಲೆ ಹತ್ತಿ ನಿಂತಳು.

“ಮೈ ಪಾಪಾ ವೆರಿ ಗುಡ್ ವನ್. ಫಸ್ಟ್ ಹಿ ಮೇಕ್ ದ ಫೈರ್, ದೆನ್ ಹಿ ವಾಶ್ ಎವ್ರಿಥಿಂಗ್ ಲಾ.”

“ಒಳ್ಳೆಯದು,” ಎಂದು ಮೇಡಂ ಡ್ರಾಯರಿನಿಂದ ಒಂದು ಫಾರ್ಮ್ ತೆಗೆದರು. “ಮಕ್ಕಳಿಗೆ ಫೈರ್ ಡ್ರಿಲ್ ಮಾಡಿಸಲು ನಮಗೆ ಒಬ್ಬ ತಂದೆ ಬೇಕಾಗಿತ್ತು. ಶನಿವಾರ ಬೆಳಗ್ಗೆ ಆರೂವರೆಗೆ. ವರ್ಷಕ್ಕೆ ನಲವತ್ತು ಗಂಟೆ. ಇಲ್ಲಿ ಸಹಿ ಮಾಡಿ.”

ಆಗುವುದಿಲ್ಲ ಎನ್ನಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಅವರು ಇನ್ನೇನೋ ಕೇಳುತ್ತಾರೆ, ಅದಕ್ಕೆ ಇವನು ಇನ್ನೇನೋ ಹೇಳಬೇಕು. ಉಪೇಂದ್ರ ಪೆನ್ನು ತೆಗೆದುಕೊಂಡ. ಅವನ ಹೆಸರಿನಲ್ಲಿ ಇರುವುದು ಮೂರೇ ಅಕ್ಷರ.